ತೊಂದರೆ ಏನಿಲ್ಲ

ಡಬ್ಬಿ ಇನ್ನೂ ವಾಪಸು ಬಂದಿರಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಅನಂತರಾಮನ ತಲೆಯಲ್ಲಿ ಅದೊಂದೇ. ಸ್ನಾನ ಮಾಡುವಾಗ, ದೇವರ ಮುಂದೆ ದೀಪ ಹಚ್ಚುವಾಗ, ನ್ಯೂವೆಗೈನ್ ಎಂಬ ಡಚ್ ಊರಿನ ಮನೆಯಿಂದ ಕಾಲುವೆಯ ದಂಡೆ ಹಿಡಿದು ಸೈಕಲ್ ತುಳಿಯುವಾಗ, ಎದುರುಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದ್ದಾಗಲೂ ಅದೇ. ಅಂಗೈಯಗಲದ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಂಡತಿಯ ಹೆಸರು, ವಾಸಂತಿ. ಮದುವೆಯಲ್ಲಿ ಕೊಟ್ಟ ಪಾತ್ರೆಗಳಿಗೆಲ್ಲ ಅವಳ ತಾಯಿ ಅಂಗಡಿಯವನ ಎದುರು ಕೂತು ಹೆಸರು ಹಾಕಿಸಿದ್ದರಂತೆ, ಯಾರ ಮನೆಗೆ ಹೋದರೂ ತಿರುಗಿ ಬರಲಿ ಎಂದು. ಈ ಸೀಮೆಯಲ್ಲಿ ಆ ಅಕ್ಷರ ಓದುವವರು ಯಾರು? ಅದನ್ನು ಅವನು ಮಾರ್ಚ್ ತಿಂಗಳಲ್ಲಿ ಕೋಡುಬಳೆ ತುಂಬಿಸಿ, ಪುರಸಭೆಯಿಂದ ಬಂದ ಹೆಂಗಸಿನ ಕೈಗೆ ತಾನಾಗಿಯೇ ಇಟ್ಟಿದ್ದ. ಡಬ್ಬಿಯ ಚಿಂತೆ ಸಣ್ಣದೆಂದು ಅವನಿಗೂ ಗೊತ್ತು. ಆದರೆ ಡಬ್ಬಿಯ ಜೊತೆಗೆ ಕೊಟ್ಟ ಮಾತನ್ನು ನೆನೆಯುವುದಕ್ಕಿಂತ ಡಬ್ಬಿಯನ್ನು ನೆನೆಯುವುದು ಹಗುರವಾಗಿತ್ತು.

ಶೆಡ್ಡಿನ ಬೀಗ ಜೂನ್ ಬಂದರೂ ತಣ್ಣಗಿತ್ತು. ಒಂದು ಕಾಲಕ್ಕೆ ಗೂಡ್ಸ್ ಗಾಡಿಗಳು ಕಲ್ಲಿದ್ದಲು ಇಳಿಸಿ ಸಕ್ಕರೆ ಗೆಡ್ಡೆ ತುಂಬಿಕೊಂಡು ಹೋಗುತ್ತಿದ್ದ ಜಾಗ ಇದು. ಮುಖ್ಯ ಮಾರ್ಗದ ನಂಟು ಕಡಿದುಹೋಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಶೆಡ್ಡಿನಿಂದ ಕಾಲುವೆಯ ತನಕದ ಒಂದು ತುಂಡು ಹಳಿ, ಮರದ ಬೆಂಚುಗಳ ಎರಡು ಬೋಗಿ, ಕೈಮರದ ಸಿಗ್ನಲ್ ಕಂಬ, ಮತ್ತು ಪುಟ್ಟ ಡೀಸೆಲ್ ಎಂಜಿನ್ ಒಂದು. ಅದನ್ನು ಎಲ್ಲರೂ ‘ಸಿಕ್’ ಎಂದು ಕರೆಯುತ್ತಿದ್ದರು. ಸಿಕ್ ಎಂದರೆ ಆಡು. ಅದರ ಹಾರ್ನು ಆಡು ಅರಚಿದ ಹಾಗೇ ಇತ್ತು. ಸಂಬಳವಿಲ್ಲದೆ ಶನಿವಾರ ಶನಿವಾರ ಬಂದು ಎಣ್ಣೆ ಹಾಕಿ, ಒರೆಸಿ, ಮಕ್ಕಳನ್ನು ಕಾಲುವೆಯ ತನಕ ಕೂರಿಸಿಕೊಂಡು ಹೋಗಿ ಬರುವ ನಾಲ್ಕಾರು ಮಂದಿಯ ಮ್ಯೂಸಿಯಂ. ನೆಲ ಪುರಸಭೆಯದು. ಕರಾರು ಈ ವರ್ಷಕ್ಕೆ ಮುಗಿಯುತ್ತದೆ. ಅಲ್ಲಿ ಮನೆಗಳು ಬರಬೇಕು. ಮನೆ ಬೇಡವೆಂದು ಯಾರೂ ಹೇಳಲಾರರು, ಜನಕ್ಕೆ ಮನೆ ಸಿಗದ ದೇಶವಾಗಿದೆ ಇದು, ಅನಂತರಾಮನ ಆಫೀಸಿನ ನಿತೀಶನೇ ಮದುವೆಯಾಗಿಯೂ ಒಂದೇ ಕೋಣೆಯಲ್ಲಿದ್ದಾನೆ. “ಸರ್, ಆ ಶೆಡ್ ಬೇಗ ಖಾಲಿ ಮಾಡಿಸಿ, ಅಪ್ಲಿಕೇಶನ್‌ನಲ್ಲಿ ಫಸ್ಟ್ ನೇಮ್ ನಂದೇ,” ಎಂದು ಊಟದ ಹೊತ್ತಿನಲ್ಲಿ ನಕ್ಕಿದ್ದ. ಅನಂತರಾಮನೂ ನಕ್ಕಿದ್ದ. ನಗಬೇಕಾದ ಕಡೆ ನಗುವುದು ಅವನಿಗೆ ಯಾವತ್ತೂ ತಪ್ಪಿದ್ದಿಲ್ಲ.

ಬಾಗಿಲು ತಳ್ಳಿ ಒಳಗೆ ಬಂದವನು ಎಂಜಿನ್ನಿನ ಮೆಟ್ಟಿಲನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಮೊದಲ ಸಲ ಇದನ್ನು ಕಂಡ ಗೆರಿಟ್, “ಎಣ್ಣೆ ಸೋರ್ತಿದೆಯಾ?” ಎಂದು ಬಗ್ಗಿ ನೋಡಿದ್ದ. ನಿವೃತ್ತ ಡ್ರೈವರ್, ಎಪ್ಪತ್ತು ದಾಟಿದವನು, ಮಂಡಿ ಸರಿಯಿಲ್ಲದವನು. “ಇಲ್ಲ, ನಮಸ್ಕಾರ ಹೇಳಿದೆ,” ಎಂದಿದ್ದಕ್ಕೆ ಅವನು ನಗಲಿಲ್ಲ, ಮರುವಾರದಿಂದ ತಾನೂ ಎಂಜಿನ್ನಿನ ಮೂತಿಯನ್ನು ಎರಡು ಸಲ ತಟ್ಟಿ ಒಳಗೆ ಬರತೊಡಗಿದ್ದ. ಅಷ್ಟು ಸಾಕಾಗಿತ್ತು ಅನಂತರಾಮನಿಗೆ. ಅವನು ಇಲ್ಲಿಗೆ ಮೊದಲು ಬಂದದ್ದು ವಾಸಂತಿ ಮೈಸೂರಿಗೆ ಹೋದ ಮೇಲಿನ ಮೊದಲ ಶನಿವಾರ. ಆ ಶನಿವಾರ ಮನೆಯೊಳಗೆ ಕೂರಲಾರದೆ ಸೈಕಲ್ ಹತ್ತಿ ಎತ್ತಲೋ ಹೊರಟವನಿಗೆ ಮಂಜಿನೊಳಗಿಂದ ಆಡು ಕೂಗಿದ್ದು ಕೇಳಿಸಿತ್ತು. ಒಂಟಿ ಆಡು. ಎಲ್ಲೋ ಬೇಲಿಗೆ ಸಿಕ್ಕಿಹಾಕಿಕೊಂಡಿರಬೇಕು ಎಂದು ಸೈಕಲ್ ಒರಗಿಸಿ, ಹುಲ್ಲಿನ ಇಬ್ಬನಿಯಲ್ಲಿ ಪ್ಯಾಂಟು ನೆನೆಸಿಕೊಂಡು ಹುಡುಕುತ್ತ ಬಂದರೆ, ಹಳಿಯ ಮೇಲೆ ಹಳದಿ ಮೂತಿಯ ಎಂಜಿನ್ನು, ಅದರ ಕಿಟಕಿಯಲ್ಲಿ ಗೆರಿಟ್‌ನ ಕೆಂಪು ಮುಖ. “ಒಳಗೆ ಬರ್ತೀಯಾ, ಇಲ್ಲಾ ಅಲ್ಲೇ ನಿಂತು ನೆಗಡಿ ಹಿಡಿಸ್ಕೋತೀಯಾ?” ಆ ಆಡಿನ ಕಥೆಯನ್ನು ವಾಸಂತಿಗೆ ಹೇಳಬೇಕೆಂದುಕೊಂಡಿದ್ದ. ಹೇಳಿದರೆ, ಆ ದಿನ ಮನೆಯೊಳಗೆ ಯಾಕೆ ಕೂರಲಾಗಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ.

ಕೆಟಲ್ಲಿಗೆ ನೀರು ಹಾಕಿದ. ಕಾಫಿ ಕೌಂಟರಿನ ಹಿಂದಿನ ಕುರ್ಚಿ ಖಾಲಿ. ಅದು ಯಾಪ್‌ನ ಕುರ್ಚಿ. ಟಿಕೆಟ್ ಹರಿದು, ಕಾಫಿ ಸುರಿದು, ದಿನವೆಲ್ಲ ಕುಶಾಲು ಮಾಡುತ್ತಿದ್ದ ಯಾಪ್ ಎರಡು ವಾರದಿಂದ ಬಂದಿಲ್ಲ. ಅವನ ನೀಲಿ ಮಗ್ಗನ್ನು ಅನಂತರಾಮ ಹೋದ ವಾರವೂ ತೊಳೆದಿಟ್ಟಿದ್ದ, ಈಗಲೂ ತೊಳೆದ. ತೊಳೆದ ಮಗ್ಗನ್ನು ಮತ್ತೆ ತೊಳೆಯುವ ಕೈಯನ್ನು ನೋಡುತ್ತ ಅವನಿಗೆ ಎರಡು ವಾರದ ಹಿಂದಿನ ಸಭೆ, ಪುರಸಭೆಯ ಸಭಾಂಗಣ ಕಣ್ಣಿಗೆ ಕಟ್ಟಿತು. ಸಾಲು ಕುರ್ಚಿಗಳು, ತಟ್ಟೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಬಿಸ್ಕತ್ತು, ವೇದಿಕೆಯ ಮೇಲೆ ಮಾರ್ಲೀಸ್, ಪುರಸಭೆಯಲ್ಲಿ ಜಾಗಗಳ ವ್ಯವಹಾರ ನೋಡುವ ಹೆಂಗಸು, ಡಬ್ಬಿ ಒಯ್ದವಳು. ಮ್ಯೂಸಿಯಂನವರು ಒಬ್ಬೊಬ್ಬರಾಗಿ ಎದ್ದು, ಬೇರೆ ಜಾಗಕ್ಕೆ ಹೋದರೆ ಹಳಿಯಿಲ್ಲ, ಹಳಿಯಿಲ್ಲದಿದ್ದರೆ ಎಂಜಿನ್ನು ಬರೀ ಕಬ್ಬಿಣ ಎಂದು ಹೇಳಿದ ಮೇಲೆ ಅವಳು ಸಮಾಧಾನವಾಗಿಯೇ ಹೇಳಿದಳು, “ನನಗೆ ಆಶ್ಚರ್ಯ ಆಗ್ತಿದೆ. ನಾನು ಬಂದಾಗ ನಿಮ್ಮಲ್ಲೇ ಒಬ್ಬರು ಸ್ಥಳಾಂತರಕ್ಕೆ ತೊಂದರೆ ಏನಿಲ್ಲ ಅಂದಿದ್ದರು. ನಾವು ಆ ಮಾತಿನ ಮೇಲೆ ಮುಂದುವರಿದೆವು.” ಹೆಸರು ಹೇಳಲಿಲ್ಲ. ಹೆಸರು ಅವಳಿಗೆ ನೆನಪಿರಲಿಲ್ಲವೋ, ನಾಲಿಗೆಗೆ ಬರಲಿಲ್ಲವೋ. ಗೆರಿಟ್‌ನ ಕತ್ತು ನಿಧಾನವಾಗಿ ಯಾಪ್‌ನ ಕಡೆ ತಿರುಗಿತು. ಹೊಸ ಜಾಗದಲ್ಲಿ ಒಳ್ಳೆಯ ಶೌಚಾಲಯವಾದರೂ ಸಿಗುತ್ತೆ ಎಂದು ಯಾಪ್ ಹಿಂದೊಮ್ಮೆ ತಮಾಷೆ ಮಾಡಿದ್ದ. “ನೀನಾ?” ಎಂದ ಗೆರಿಟ್, ಎಲ್ಲರಿಗೂ ಕೇಳುವ ಹಾಗೆ. ಯಾಪ್ ಕೆಂಪಾಗಿ ಏನೋ ಹೇಳಲು ಹೋದ, ಕೆಮ್ಮು ಬಂತು, ಎದ್ದು ಹೊರಗೆ ಹೋದ. ಅನಂತರಾಮನ ಬಾಯಲ್ಲಿ ಬಿಸ್ಕತ್ತಿತ್ತು. ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು ಹೇಗೆ ಮಾತಾಡುವುದು ಎಂದು ತಾನು ಆಗ ಯೋಚಿಸಿದ್ದು, ನಿಜವಾಗಿ ಹಾಗೇ ಯೋಚಿಸಿದ್ದು, ಅವನಿಗೆ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುವಂತೆ ಮಾಡುತ್ತಿತ್ತು.

ಆ ಮಾತು ಹೇಗೆ ಬಂತೆಂದು ಎಷ್ಟು ಸಲ ಬಿಚ್ಚಿ ನೋಡಿದರೂ ಅದರೊಳಗೆ ಮೋಸವೇನೂ ಸಿಗುತ್ತಿರಲಿಲ್ಲ. ಮಾರ್ಚಿನ ಆ ಶನಿವಾರ ಶೆಡ್ಡಿನಲ್ಲಿ ಅವನೊಬ್ಬನೇ. ಆಲಿಕಲ್ಲಿನ ಮಳೆ. ಮಾರ್ಲೀಸ್ ಬಾಗಿಲಲ್ಲಿ ನೆನೆದು ನಿಂತಿದ್ದಳು. ಮನೆಬಾಗಿಲಿಗೆ ಬಂದವರು ಯಾರು, ಯಾಕೆ ಬಂದರು ಎಂದು ಕೇಳುವುದಕ್ಕೆ ಮೊದಲು ಕೂರಿಸಬೇಕು, ಬಿಸಿ ಏನಾದರೂ ಕೊಡಬೇಕು. ಟೀ ಮಾಡಿಕೊಟ್ಟ. ಹಿಂದಿನ ರಾತ್ರಿ ಕರಿದಿದ್ದ ಕೋಡುಬಳೆ ಇತ್ತು, ಅದನ್ನೂ ಇಟ್ಟ. ಖಾರಕ್ಕೆ ಅವಳ ಮೂಗು ಕೆಂಪಾಯಿತು, ಆದರೂ ಇನ್ನೊಂದು ತೆಗೆದುಕೊಂಡಳು, ಮತ್ತೊಂದು. ಎಷ್ಟು ಕಾಲದ ಮೇಲೆ ಅವನು ಮಾಡಿದ್ದನ್ನು ಒಬ್ಬರು ಕೂತು ತಿಂದದ್ದು. ಅವನ ಎದೆ ಬೆಚ್ಚಗಾಯಿತು. ಹಾಗೆ ಬೆಚ್ಚಗಾದ ಹೊತ್ತಿನಲ್ಲೇ ಅವಳು, “ಬೇರೆ ಕಡೆ ಒಳ್ಳೆ ಜಾಗ ಕೊಟ್ಟರೆ ನಿಮಗೆ ತೊಂದರೆ ಇಲ್ಲ, ಅಲ್ವಾ?” ಎಂದು ಕೇಳಿದಳು. ಕಪ್ಪು ಅವಳ ಕೈಯಲ್ಲಿತ್ತು, ಕೋಡುಬಳೆ ಅರ್ಧ ತಿಂದಾಗಿತ್ತು. ಉಣ್ಣುತ್ತಿರುವವರ ಮುಖಕ್ಕೆ ಇಲ್ಲ ಎಂದು ಹೇಗೆ ಅನ್ನುವುದು? ಅಜ್ಜಿಯ ಮನೆಯಲ್ಲಿ ಅಕ್ಕಿ ಮುಗಿದಾಗಲೂ ಮುಗಿಯಿತು ಅನ್ನುವ ಹಾಗಿರಲಿಲ್ಲ, ಡಬ್ಬ ತುಂಬಿದೆ ಅನ್ನಬೇಕಿತ್ತು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಹೊರಟವರು ಹೋಗುತ್ತೇನೆ ಅನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು. ಹುಡುಗನಾಗಿದ್ದಾಗ ಒಮ್ಮೆ, ಮುಸ್ಸಂಜೆಯಲ್ಲಿ ಉಪ್ಪು ಕೇಳಿಕೊಂಡು ಬಂದ ಪಕ್ಕದ ಮನೆಯವಳಿಗೆ “ಇಲ್ಲ” ಎಂದುಬಿಟ್ಟದ್ದಕ್ಕೆ ಅಜ್ಜಿ ಅವನನ್ನು ದೇವರ ಮುಂದೆ ನಿಲ್ಲಿಸಿ ಮೂರು ಸಲ “ಇದೆ, ಇದೆ, ಇದೆ” ಎನ್ನಿಸಿದ್ದಳು. ಆ ನಾಲಿಗೆಯೇ ಮಾರ್ಲೀಸಳಿಗೂ ಉತ್ತರ ಕೊಟ್ಟಿತು, ಡಚ್ ತರಗತಿಯಲ್ಲಿ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಚೆನ್ನಾಗಿ ಕಲಿತ ಮಾತಿನಲ್ಲಿ. ತೊಂದರೆ ಏನಿಲ್ಲ. ಅವನ ಮಟ್ಟಿಗೆ ಅದು ಒಪ್ಪಿಗೆಯಾಗಿರಲಿಲ್ಲ, ಇನ್ನೊಂದು ಕಪ್ ಟೀ ಇದ್ದಂತೆ. ಉಳಿದ ಕೋಡುಬಳೆಯನ್ನು ಡಬ್ಬಿ ಸಮೇತ ಕೊಟ್ಟು ಬಾಗಿಲ ತನಕ ಕಳಿಸಿ ಬಂದಿದ್ದ.

ಹೊರಗೆ ಜಲ್ಲಿಯ ಮೇಲೆ ಕುಂಟು ಹೆಜ್ಜೆ ಕೇಳಿಸಿತು. ಗೆರಿಟ್ ಎಂಜಿನ್ನಿನ ಮೂತಿ ತಟ್ಟಿ, ಯಾಪ್‌ನ ಕುರ್ಚಿಯನ್ನು ನೋಡದೆ ಬೇರೆ ಸ್ಟೂಲ್ ಎಳೆದುಕೊಂಡು ಕೂತ. ಅನಂತರಾಮ ಕೊಟ್ಟ ಟೀ ಹೀರಿ, “ಇವತ್ತು ಅವರು ಅಳತೆಗೆ ಬರ್ತಾರೆ,” ಎಂದ. “ಆ ಹೆಂಗಸು, ಜೊತೆಗೆ ಇಬ್ಬರು ಸರ್ವೆಯವರು.”

“ಬಂದರೆ... ಏನು ಮಾಡುವುದು ನೀವು?” ಅನಂತರಾಮ ಕೇಳಿದ. ಇಷ್ಟು ಕಾಲವಾದರೂ ಅವನ ಡಚ್ಚಿನಲ್ಲಿ ಗೆರಿಟ್ ಬಹುವಚನವಾಗಿಯೇ ಉಳಿದಿದ್ದ.

“ನೀವು ಅಂದರೆ ಎಷ್ಟು ಜನ? ನಾನೊಬ್ಬನೇ ಕೂತಿರೋದು ಇಲ್ಲಿ.” ಗೆರಿಟ್ ಹಳೆಯ ಜೋಕನ್ನು ನಗದೆಯೇ ಹೇಳಿದ. “ಕೇಳು. ಕರಾರು ಮುಗಿಯೋ ತನಕ ನಮ್ಮ ಒಪ್ಪಿಗೆ ಇಲ್ಲದೆ ಅವರು ಗೇಟು ದಾಟೋ ಹಾಗಿಲ್ಲ. ಇವತ್ತು ಅಳತೆ ಆಗದಿದ್ದರೆ ಈ ಸಲದ ಮೀಟಿಂಗಿಗೆ ವಿಷಯ ಬರಲ್ಲ. ಬೇಸಿಗೆ ರಜೆ ಕಳೆದ ಮೇಲೇ. ಒಂದು ಬೇಸಿಗೆ ಸಿಕ್ತು ಅಂತ ಲೆಕ್ಕ. ಅಷ್ಟರಲ್ಲಿ ಏನಾದರೂ ದಾರಿ ಹುಡುಕಬಹುದು.”

“ಏನೂ ಸಿಗದಿದ್ದರೆ?”

“ಸಿಗದಿದ್ದರೆ ಒಂದು ಬೇಸಿಗೆ ಮಕ್ಕಳು ಗಾಡಿ ಹತ್ತುತ್ತಾರೆ. ಅದು ಕಡಿಮೆಯಾ?” ಮಂಡಿ ನೀವಿಕೊಂಡ. “ನನಗೆ ಗೇಟಿನ ಹತ್ತಿರ ನಿಲ್ಲಕ್ಕಾಗಲ್ಲ. ನಿಂತರೆ ಜಗಳ ಆಡಿಬಿಡ್ತೀನಿ. ನೀನು ನಿಲ್ಲು. ನಿನ್ನ ಮುಖ ನೋಡಿದರೆ ಯಾರಿಗೂ ಸಿಟ್ಟು ಬರಲ್ಲ. ‘ನೇ’ ಅನ್ನು. ಒಂದೇ ಅಕ್ಷರ. ನಿಮ್ಮ ಭಾಷೆಲಿ ಬೇಡ ಅನ್ನಕ್ಕೆ ಪದ ಇದೆ ತಾನೆ?”

“ಇದೆ,” ಎಂದ ಅನಂತರಾಮ. ಈಗ ಹೇಳಿಬಿಡಬೇಕು ಅನ್ನಿಸಿತು. ಯಾಪ್ ಅಲ್ಲ, ನಾನು. ಟೀ ಕುಡಿದು ಮುಗಿಸಲಿ ಎಂದು ಕಾದ. ಟೀ ಮುಗಿಯಿತು. ಗೆರಿಟ್ ಗ್ರೀಸ್ ಡಬ್ಬ ಹಿಡಿದು ಎಂಜಿನ್ನಿನ ಆಚೆ ಬದಿಗೆ ಹೋದ.

ಗೇಟು ಸೊಂಟದೆತ್ತರದ್ದು, ಚಿಲಕ ತುಕ್ಕು ಹಿಡಿದದ್ದು. ಮಗು ದೂಕಿದರೂ ತೆರೆದುಕೊಳ್ಳುತ್ತಿತ್ತು. ಅದನ್ನು ಕಾಯಲು ತನ್ನನ್ನು ನಿಲ್ಲಿಸಿದ್ದಾರೆ ಎಂದು ನೆನೆದು ಅವನಿಗೆ ನಗು ಬರುವಂತಾಯಿತು. ಕಾಲುವೆಯಲ್ಲಿ ಮರಳು ತುಂಬಿದ ದೋಣಿಯೊಂದು ನೀರಿಗೆ ತೀರ ಅಂಟಿಕೊಂಡು ಸಾಗುತ್ತಿತ್ತು. ಚುಕ್ಕಾಣಿಯ ಕೋಣೆಯ ಕಿಟಕಿಗೆ ಲೇಸಿನ ಪರದೆ, ಕುಂಡದಲ್ಲಿ ಹೂವು. ಅಂಥ ದೋಣಿಯಲ್ಲೂ ಇಬ್ಬರಿರುತ್ತಾರೆ, ಒಬ್ಬರು ನಡೆಸಲು, ಇನ್ನೊಬ್ಬರು ಹೂವಿಗೆ ನೀರು ಹಾಕಲು. ಹೊರಟ ದಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ವಾಸಂತಿ ಟ್ರಾಲಿಯ ಮೇಲೆ ಕೈಯಿಟ್ಟು ನಿಂತಿದ್ದಳು. ಮೈಸೂರಿನ ಶಾಲೆಯೊಂದು ಕರೆದಿತ್ತು, ಒಂದು ವರ್ಷಕ್ಕೆ ಅಂತ. ಈ ಊರಿನ ಮೋಡದ ಕೆಳಗೆ ಕೆಲಸವಿಲ್ಲದೆ ಕೂತು ತನ್ನ ದನಿ ತನಗೇ ಮರೆತುಹೋಗಿದೆ ಎಂದಿದ್ದಳು. “ಹೋಗ್ಲಾ?” ಎಂದು ಕೇಳಿದಳು, ಟಿಕೆಟ್ ತೆಗೆದ ಮೇಲೂ, ಪೆಟ್ಟಿಗೆ ತೂಕ ಹಾಕಿಸಿದ ಮೇಲೂ. “ಆಯ್ತು, ಅದಕ್ಕೇನು, ಹೋಗಿ ಬಾ,” ಎಂದಿದ್ದ. “ಹೋಗಿ ಬರ್ತೀನಿ,” ಎಂದಿದ್ದಳು. ಇಬ್ಬರೂ ಆಡಬೇಕಾದ್ದನ್ನೇ ಆಡಿದ್ದರು. ಒಂದು ವರ್ಷ ಎರಡಾಯಿತು, ಎರಡು ನಾಲ್ಕಾಯಿತು.

ನೆನೆದದ್ದಕ್ಕೇ ಓಗೊಟ್ಟಂತೆ ಜೇಬಿನಲ್ಲಿ ಫೋನು ಅದುರಿತು. ಅವಳೇ.

“ತಿಂಡಿ ಆಯ್ತಾ?”

“ಆಯ್ತು. ಉಪ್ಪಿಟ್ಟು. ನಿಂದು ಊಟ?”

“ಆಯ್ತು. ಗಾಳಿ ಸದ್ದು ಬರ್ತಿದೆ. ಆಚೆ ಇದ್ದೀರಾ? ಸ್ವೆಟರ್ ಹಾಕ್ಕೊಂಡಿದ್ದೀರಾ?” ಎಂದಿನಂತೆ ಉತ್ತರಕ್ಕೆ ಕಾಯದೆ ಮುಂದುವರಿಸಿದಳು. “ರೀ, ಸ್ಕೂಲ್‌ನವ್ರು ಕೇಳ್ತಿದ್ದಾರೆ. ಹೆಡ್ ಮಿಸ್ ಪೋಸ್ಟು. ಒಪ್ಕೊಂಡ್ರೆ ಇನ್ನು ಮೂರು ವರ್ಷ ಅಲ್ಲಾಡೋ ಹಾಗಿಲ್ಲ. ಇವತ್ತೇ ಹೇಳ್ಬೇಕಂತೆ. ಹೂಂ ಅನ್ಲಾ?”

ದೋಣಿ ತಿರುವಿನಲ್ಲಿ ಮರೆಯಾಗುತ್ತಿತ್ತು. “ಒಳ್ಳೇದಲ್ವಾ,” ಎಂದ. “ನಿನ್ನಿಷ್ಟ. ನಂದೇನಿದೆ.”

ಅವಳು ನಕ್ಕಳು, ದಣಿದವರು ಚಪ್ಪಲಿ ಬಿಡುವಾಗ ನಗುವ ಹಾಗೆ. “ನಿಮ್ಮನ್ನ ಕೇಳೋದೂ ಒಂದೇ, ಗೋಡೆ ಕೇಳೋದೂ ಒಂದೇ. ಗೋಡೆನಾದ್ರೂ ಒಂದೊಂದ್ಸಲ ಬಿರುಕು ಬಿಡತ್ತೆ. ಆಯ್ತು, ಇಡ್ತೀನಿ.”

ಇಡಬೇಡ ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಗೇಟಿನಾಚೆ ಕಾರು ಬಂದು ನಿಂತಿತ್ತು. ಮಾರ್ಲೀಸ್ ಇಳಿದು ಅವನನ್ನು ಕಂಡು ಮುಖವರಳಿಸಿದಳು. ನೆಂಟರ ಮನೆಯಲ್ಲಿ ಗುರುತಿನವರು ಸಿಕ್ಕ ಹಾಗೆ. ಹಿಂದೆ ಇಬ್ಬರು ಕಿತ್ತಳೆ ಕೋಟಿನವರು ಮುಕ್ಕಾಲಿ ಇಳಿಸಿಕೊಳ್ಳುತ್ತಿದ್ದರು. “ಓ, ನೀವೇ ಇದ್ದೀರಿ, ಒಳ್ಳೆದಾಯ್ತು! ಇದು ನಿಮ್ಮದು, ಎಷ್ಟು ದಿನದಿಂದ ಕಾರಿನಲ್ಲೇ ಓಡಾಡ್ತಿತ್ತು.” ಡಬ್ಬಿಯನ್ನು ಗೇಟಿನ ಮೇಲಿಂದ ಚಾಚಿದಳು. ತೊಳೆದು, ಒರೆಸಿ, ಥಳಥಳ ಮಾಡಿದ್ದಳು. ತೆಗೆದುಕೊಂಡ ಕೈಗೆ ತೂಕವೇ ಹತ್ತಲಿಲ್ಲ. ಡಬ್ಬಿಯನ್ನು ಬರಿದಾಗಿ ಮರಳಿಸಬಾರದು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಎಂದು ಅವಳಿಗೆ ಹೇಳಿಕೊಟ್ಟ ಅಜ್ಜಿ ಯಾರಿದ್ದಾರೆ? ತಪ್ಪು ಅವಳದಲ್ಲ. ಅವಳ ಊರಿನಲ್ಲಿ ಬರಿದು ಎಂದರೆ ಬರಿದು, ತುಂಬಿದೆ ಎಂದರೆ ತುಂಬಿದೆ.

“ಖಾರ ಇನ್ನೂ ನೆನಪಿದೆ,” ಎಂದು ನಕ್ಕು, ಕಿತ್ತಳೆ ಕೋಟಿನವರ ಕಡೆ ಕೈ ಬೀಸಿ, “ಸ್ವಲ್ಪ ಹೊತ್ತಿನ ಕೆಲಸ. ಒಳಗೆ ಬಂದು ಅಳತೆ ತಗೋತೀವಿ. ತೊಂದರೆ ಇಲ್ಲ, ಅಲ್ವಾ?”

ಅವನ ಎಡಗೈ ಆಗಲೇ ಚಿಲಕದ ಮೇಲಿತ್ತು. ತಾನು ಇಟ್ಟದ್ದಲ್ಲ, ಬಂದವರನ್ನು ಕಂಡು ಅದೇ ಹೋಗಿ ಕೂತಿತ್ತು. ಚಿಲಕ ಅರ್ಧ ಎತ್ತಿಯೂ ಆಗಿತ್ತು. ಬನ್ನಿ ಎಂಬ ಮಾತು ಗಂಟಲಿನಿಂದ ಹೊರಟು ಹಲ್ಲಿನ ಹಿಂದೆ ಬಂದು ನಿಂತಿತ್ತು. ಬಲಗೈಯ ಹೆಬ್ಬೆರಳಿನ ಕೆಳಗೆ ಮುಚ್ಚಳದ ಚುಕ್ಕೆಗಳು, ಒಂದೊಂದಾಗಿ, ವಾ, ಸಂ, ತಿ. ಅಜ್ಜಿ ದೇವರ ಮುಂದೆ ನಿಲ್ಲಿಸಿದಳು. ಇದೆ, ಇದೆ, ಇದೆ. ಆದರೆ ಇದ್ದದ್ದು ಏನು? ಉಪ್ಪು ಇತ್ತೇ ಆ ಮನೆಯಲ್ಲಿ, ಆ ಸಂಜೆ? ಇರಲಿಲ್ಲ. ಪಕ್ಕದ ಮನೆಯವಳು ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು, ಅವನು ಇದೆ ಎನ್ನುತ್ತಲೇ ಇದ್ದ, ಕೊನೆಗೆ ಅವಳು ಬರಿಯ ಬಟ್ಟಲಿನೊಂದಿಗೆ ಹೋದದ್ದನ್ನು ಅವನು ಇಷ್ಟು ವರ್ಷ ನೆನಪಿಸಿಕೊಂಡೇ ಇರಲಿಲ್ಲ.

“ನೇ,” ಎಂದ.

ದನಿ ತೀರ ಸಣ್ಣದಾಗಿ ಬಂತು. ಮಾರ್ಲೀಸ್ ತಲೆ ವಾಲಿಸಿದಳು. “ಏನಂದಿರಿ?”

“ನೇ. ಇವತ್ತು ಒಳಗೆ ಬರಬಾರದು. ನಮ್ಮ ಒಪ್ಪಿಗೆ ಇಲ್ಲ. ನನ್ನದೂ ಇಲ್ಲ. ಮಾರ್ಚಿನಲ್ಲೂ ಇರಲಿಲ್ಲ.” ಅವಳ ಮುಖ ಬಾಡುವುದನ್ನು, ಕಣ್ಣು ತುಂಬುವುದನ್ನು, ಸಿಟ್ಟಾಗುವುದನ್ನು, ಏನಾದರೊಂದನ್ನು ಕಾಯುತ್ತ ನಿಂತ. ಏನೂ ಆಗಲಿಲ್ಲ. ಬಸ್ಸು ಈ ದಾರಿಯಲ್ಲಿ ಬರುವುದಿಲ್ಲ ಎಂದು ಕೇಳಿಸಿಕೊಂಡವರ ಹಾಗೆ ಅವಳು ಹುಬ್ಬೇರಿಸಿದಳು, ಅಷ್ಟೆ.

“ಸರಿ. ಹಾಗಾದರೆ ಇವತ್ತು ಆಗಲ್ಲ.” ಕಿತ್ತಳೆ ಕೋಟಿನವರಿಗೆ ಹೇಳಿದಳು, ಅವರು ಇಳಿಸಿದ್ದನ್ನು ಹಾಗೇ ಮತ್ತೆ ಏರಿಸಿದರು. ಕಾರಿನ ಬಾಗಿಲು ತೆಗೆದವಳು ತಿರುಗಿ, “ಇದನ್ನ ಮಾರ್ಚಿನಲ್ಲೇ ಹೇಳಬಹುದಿತ್ತಲ್ಲ?” ಎಂದಳು. ಬೈಗುಳವಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. “ನಾನು ಕೇಳಿದ್ದೆನಲ್ಲ.”

ಕಾರು ಹೋಯಿತು. ಅರ್ಧ ಎತ್ತಿದ ಚಿಲಕವನ್ನು ಅವನು ಮೆಲ್ಲಗೆ ಇಳಿಸಿದ. ಇಷ್ಟೇನೇ? ಬದುಕಿಡೀ ಹೆದರಿ ಹೊತ್ತುಕೊಂಡು ತಿರುಗಿದ ಕಲ್ಲನ್ನು ಇಳಿಸಿ ನೋಡಿದರೆ ಹತ್ತಿಯಾಗಿತ್ತು. ಗೆಲುವೆನ್ನಿಸಲಿಲ್ಲ. ಹೊತ್ತ ವರ್ಷಗಳೆಲ್ಲ ಒಟ್ಟಿಗೆ ಹೆಗಲಿಗೆ ಬಂದು ಕೂತವು.

ಗೆರಿಟ್ ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ. “ಭಲೆ!” ಎಂದು ಗ್ರೀಸಿನ ಕೈಯಿಂದಲೇ ಅವನ ಬೆನ್ನಿಗೆ ಗುದ್ದಿದ. “ಒಂದು ಬೇಸಿಗೆ, ಅನಂತ್! ನೋಡಿದೆಯಾ ಎಷ್ಟು ಸುಲಭ?”

“ಯಾಪ್ ಅಲ್ಲ,” ಎಂದ ಅನಂತರಾಮ. ಒಮ್ಮೆ ಬಾಯಿ ತೆರೆದಿತ್ತು, ಮುಚ್ಚುವ ಮೊದಲು ಹೇಳಬೇಕಿತ್ತು. “ಮಾರ್ಚಿನಲ್ಲಿ ತೊಂದರೆ ಏನಿಲ್ಲ ಅಂದವನು ನಾನು. ಸಭೆಯಲ್ಲಿ ಸುಮ್ಮನೆ ಕೂತವನೂ ನಾನೇ.”

ಗೆರಿಟ್‌ನ ಕೈ ಬೆನ್ನಿನ ಮೇಲಿಂದ ಜಾರಿತು. ಅವನು ತಿರುಗಿ ಶೆಡ್ಡಿನೊಳಗೆ ಯಾಪ್‌ನ ಖಾಲಿ ಕುರ್ಚಿಯನ್ನು ನೋಡಿದ. “ಮೂವತ್ತು ವರ್ಷದ ಸ್ನೇಹಿತ ಅವನು,” ಎಂದ. “ಹೇಳು ನೀನೇ, ನಾನು ಈಗ ಅವನ ಬಾಗಿಲಿಗೆ ಯಾವ ಮುಖ ತಗೊಂಡು ಹೋಗಲಿ?”

“ನಾನೂ ಬರ್ತೇನೆ. ಟೀ ಮಾಡ್ತೇನೆ, ಕುಡಿದು ಹೋಗೋಣ.”

“ಬೇಡ,” ಎಂದ ಗೆರಿಟ್. “ಇವತ್ತು ನಿನ್ನ ಟೀ ಬೇಡ ನನಗೆ. ನಾನೊಬ್ಬನೇ ಹೋಗ್ತೀನಿ. ನಾಳೆ ನೀನು ಹೋಗು, ನೀನೊಬ್ಬನೇ.” ಅದರಲ್ಲಿ ದ್ವೇಷವಿರಲಿಲ್ಲ, ಇದ್ದದ್ದು ‘ಬೇಡ’ ಅಷ್ಟೆ. ಮಂಡಿ ಹಿಡಿದುಕೊಂಡು ಎಂಜಿನ್ನು ಹತ್ತಿದ. ಮಧ್ಯಾಹ್ನಕ್ಕೆ ಮಕ್ಕಳು ಬರುವವರಿದ್ದರು, ಅದನ್ನು ಬಿಸಿ ಮಾಡಬೇಕಿತ್ತು. ಎಂದೂ ಅನಂತರಾಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳದೆ ಹೊರಡದವನು ಇವತ್ತು ತಿರುಗಿ ನೋಡಲಿಲ್ಲ. ಹಳದಿ ಮೂತಿ ನಿಧಾನವಾಗಿ ಶೆಡ್ಡಿನಿಂದ ಬೆಳಕಿಗೆ ಇಳಿಯಿತು.

ಶೆಡ್ಡಿನೊಳಗೆ ಎಂಜಿನ್ನು ಇದ್ದ ಜಾಗ ಈಗ ಉದ್ದಕ್ಕೆ ಖಾಲಿ, ನೆಲದಲ್ಲಿ ಎಣ್ಣೆಯ ಕಪ್ಪು ಗುರುತು. ಅನಂತರಾಮ ಹಲಗೆಯ ಮೇಲೆ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ವಾಸಂತಿಗೆ ಫೋನು ಮಾಡಿದ.

“ಹೇಳಿ. ಏನು ಮತ್ತೆ?”

“ಹೂಂ ಅನ್ಬೇಡ,” ಎಂದ.

“ಏನು?”

“ಸ್ಕೂಲ್‌ನವ್ರಿಗೆ. ಹೂಂ ಅನ್ಬೇಡ.”

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. “ಈಗಷ್ಟೇ ಹೇಳಿ ಬಂದೆನಲ್ರೀ. ನಿಮಗೇನೂ ತೊಂದರೆ ಇಲ್ಲ ಅಂದ್ಕೊಂಡೆ.”

ಸರಿ, ಹೋಗಲಿ ಬಿಡು, ಒಳ್ಳೆಯದೇ ಆಯಿತು, ಹೆಡ್ ಮಿಸ್ಸು ಅಂದರೆ ಸಣ್ಣ ಮಾತೇ. ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು, ಬಾಗಿಲು ತೆಗೆದರೆ ಸಾಕು ಅನ್ನುವ ಹಾಗೆ. ಅವನು ತೆಗೆಯಲಿಲ್ಲ.

“ಇದೆ,” ಎಂದ. “ಅವತ್ತೂ ಇತ್ತು. ನೀನು ಟ್ರಾಲಿ ಹಿಡ್ಕೊಂಡು ನಿಂತಿದ್ಯಲ್ಲ, ಅವತ್ತೂ.”

ಅವಳು ಫೋನು ಇಡಲಿಲ್ಲ. ಮೈಸೂರಿನ ಬೀದಿಯಲ್ಲಿ ಯಾವುದೋ ಆಟೋ ಹೋದದ್ದು, ಯಾರದೋ ಮನೆಯ ಕುಕ್ಕರ್ ಕೂಗಿದ್ದು ಅವನಿಗೆ ಕೇಳಿಸಿತು. ಅವಳ ಕಿವಿಗೆ ಇಲ್ಲಿಯ ಗಾಳಿ ಕೇಳಿಸುತ್ತಿರಬೇಕು. ಆಗ ಕಾಲುವೆಯ ತುದಿ ಮುಟ್ಟಿದ ಗೆರಿಟ್, ಎಂದಿನ ರೂಢಿಯಂತೆ, ಯಾರೂ ಇಲ್ಲದ ನೀರಿನ ಮೇಲೆ ಹಾರ್ನು ಹಾಕಿದ. ಒಂಟಿಯಾಗಿ, ಎಳೆದು.

“ರೀ,” ಎಂದಳು ವಾಸಂತಿ. “ಅದೇನು? ಆಡು ಕೂಗ್ತಿರೋ ಹಾಗಿದೆ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡಿದ್ಯಾ ಪಾಪ, ನೋಡಿ.”